ಕುಮಟಾದಲ್ಲಿ ಬೆಳೆಯದ ಕುಮಟಾ ಹತ್ತಿ

ಹತ್ತೊಂಬತ್ತನೇ ಶತಮಾನದ ಹತ್ತಿ ಮಾರುಕಟ್ಟೆಯಲ್ಲಿ 'ಕುಮಟಾ' ಎಂಬ ಹೆಸರಿನ ಮಾಲು ಬಿಕರಿಯಾಗುತ್ತಿತ್ತು. ಕುಮಟಾ ಕಡಲ ತೀರದ ಊರು. ಧೋ ಎಂದು ಮಳೆ ಸುರಿಯುವ ಆ ಸೀಮೆಯ ಬೆಳೆ ಭತ್ತ, ತೆಂಗು, ಅಡಿಕೆ. ಆ ಹತ್ತಿ ಬೆಳೆದದ್ದು ಘಟ್ಟದ ಮೇಲೆ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿಗಳನ್ನು ಒಳಗೊಂಡಿದ್ದ ಅಂದಿನ ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ. ಹಡಗು ಹತ್ತಿದ ಬಂದರಿನ ಹೆಸರೇ ಅದಕ್ಕೆ ಅಂಟಿಕೊಂಡಿತು.

ಇದರ ಹಿಂದೆ ಒಂದು ದ್ವೀಪರಾಷ್ಟ್ರದ ಕಥೆಯಿದೆ. ಬ್ರಿಟನ್ನಿನ ಚಳಿಯ ನೆಲದಲ್ಲಿ ಹತ್ತಿ ಬೆಳೆಯದು. ಆದರೂ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳು ದೇಶದೇಶಗಳಿಗೆ ಬಟ್ಟೆ ಕಳುಹಿಸುತ್ತಿದ್ದವು. ಹತ್ತಿ ಬರಬೇಕಾದದ್ದೂ ಬಟ್ಟೆ ಹೋಗಬೇಕಾದದ್ದೂ ಹಡಗಿನಲ್ಲೇ. ಆ ಹತ್ತಿಯ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದ್ದು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಆರಂಭವಾಗಿ, ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಶೈರಿನಲ್ಲಿ ಗಿರಣಿಗಳು ಬಾಗಿಲು ಹಾಕಿದವು. ಲಕ್ಷಾಂತರ ಕಾರ್ಮಿಕರು ಕೂಲಿ ಕಳೆದುಕೊಂಡು ಧರ್ಮದ ಅನ್ನಕ್ಕೆ ಕೈಯೊಡ್ಡಿದರು. ಒಂದು ಕಡಲದಾರಿ ಮುಚ್ಚಿದಾಗ ಇನ್ನೊಂದನ್ನು ಹುಡುಕದೆ ಗತ್ಯಂತರವಿರಲಿಲ್ಲ.

ಆ ಹುಡುಕಾಟ ಧಾರವಾಡ ಸೀಮೆಯ ಗಾಡಿಜಾಡಿಗೂ ಬಂದು ಮುಟ್ಟಿತು. ಇಲ್ಲಿ ಮಳೆಗಾಲದ ಕೊನೆಯಲ್ಲಿ ಬಿತ್ತಿದ ಹತ್ತಿ ಬಿಡಿಸಲು ಬರುವುದು ಬೇಸಿಗೆಗೆ. ಕಾಳು ತೆಗೆದು, ಅಂಡಿಗೆ ಕಟ್ಟಿ, ಎತ್ತಿನ ಗಾಡಿಗೆ ಹೇರಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವುದೆಲ್ಲ ಮುಂಗಾರಿಗೆ ಮೊದಲೇ ಆಗಬೇಕು. ಮಳೆ ಹಿಡಿಯಿತೆಂದರೆ ಘಟ್ಟದ ದಾರಿ ಕೆಸರು. ಕಡಲಿನಲ್ಲಿ ಪತ್ತೇಮಾರಿಗಳ ಓಡಾಟವೂ ಬಂದ್. ಮರಳುವ ಗಾಡಿಗಳಿಗೆ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿಗಳ ಹೇರು ಸಿಗುತ್ತಿದ್ದುದರಿಂದ ಬಾಡಿಗೆ ಗಿಟ್ಟುತ್ತಿತ್ತು. ಪತ್ತೇಮಾರಿಗಳು ಹತ್ತಿಯನ್ನು ಮುಂಬಯಿಗೆ ಒಯ್ದರೆ, ಅಲ್ಲಿಂದ ದೊಡ್ಡ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಲಿವರ್‌ಪೂಲ್ ಮುಟ್ಟುತ್ತಿದ್ದವು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ.

ಹತ್ತಿಗಾಗಿ ಆಡಳಿತದ ಗಡಿಯೂ ಸರಿಯಿತು. ಮದ್ರಾಸಿಗೆ ಸೇರಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಕಾರವಾರದ ಬಂದರನ್ನು ಧಾರವಾಡದ ಹತ್ತಿಗೆ ಒದಗಿಸಬೇಕೆಂಬುದು ಆ ವರ್ಗಾವಣೆಯ ಹಿಂದಿನ ಲೆಕ್ಕಾಚಾರ. ಇತ್ತ ರೈತನಿಗೆ ಹಿಂದೆಂದೂ ಕಾಣದ ದರ ಸಿಕ್ಕಿತು. 1865ರಲ್ಲಿ ಯುದ್ಧ ಮುಗಿದು ಅಮೆರಿಕದ ಬಂದರುಗಳು ತೆರೆದವು, ದರ ನೆಲಕಚ್ಚಿತು. ಹೊಲ ಅದೇ, ಹತ್ತಿಯೂ ಅದೇ. ಕಡಲನ್ನೇ ಕಾಣದ ಒಕ್ಕಲಿಗನಿಗೆ ಈ ಏರಿಳಿತದ ಕಾರಣ ತಿಳಿಯುವುದಾದರೂ ಹೇಗೆ?

1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರಕ್ಕೆ ರೈಲು ಬಂದಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಆ ಮಾರ್ಗದ ನಿಲ್ದಾಣಗಳು. ಕಡಲಿಗೆ ಇಳಿದ ಹಳಿಗಳು ಮಾತ್ರ ಕಾರವಾರವನ್ನು ಬಿಟ್ಟು, ಕ್ಯಾಸಲ್‌ರಾಕ್ ಮೂಲಕ ಪೋರ್ಚುಗೀಸರ ಮುರ್ಮಗೋವಾ ಬಂದರನ್ನು ಸೇರಿದವು. ಮಳೆಗಾಲದಲ್ಲೂ ಮಾಲು ಸಾಗತೊಡಗಿದ ಮೇಲೆ ದೇವಿಮನೆ ಘಟ್ಟ ಇಳಿಯುವ ಹತ್ತಿ ಗಾಡಿಗಳು ವಿರಳವಾದವು, ಕುಮಟಾದ ವ್ಯಾಪಾರ ಸೊರಗಿತು. ಕೃಷಿ ಗ್ರಂಥಗಳಲ್ಲಿ ಮಾತ್ರ ಧಾರವಾಡ ಸೀಮೆಯ ಆ ನಾಟಿ ತಳಿಗೆ ಕುಮಟಾ ಎಂಬ ಹೆಸರೇ ಉಳಿದುಕೊಂಡಿತು.