ಕರಿ ನೆಲದ ದೇವರು, ಕೆಂಪು ನೆಲದ ದೇವರು

ನಮ್ಮೂರ ನೆಲ ಎರಡು ಬಗೆಯದು. ಹಳ್ಳದ ಕೆಳಗೆ ಎರೆ, ಗುಡ್ಡದ ಕಡೆ ಮಸಾರಿ. ಎರೆಯಲ್ಲಿ ಹತ್ತಿ, ಬಿಳಿಜೋಳ. ಮಸಾರಿಯಲ್ಲಿ ಸೇಂಗಾ, ನವಣೆ. ನಮ್ಮ ಅಪ್ಪನ ಕಾಲಕ್ಕೆ ಹೆಣ್ಣು ಕೊಡಾಕ ಬಂದವರು ಮೊದಲು ಕೇಳುತ್ತಿದ್ದದ್ದು "ಎರಿ ಎಷ್ಟೈತಿ?" ಅಂತ. ಮಸಾರಿ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷ, ಎರಡು ಹದ ಮಳೆಗೇ ಮನೆಗೆ ಅಷ್ಟಿಷ್ಟು ಕಾಳು ತಂದುಕೊಟ್ಟದ್ದು ಆ ಮಸಾರಿಯೇ.

ಈಜಿಪ್ಟಿನ ದೇವರ ಬಗ್ಗೆ ಬರೀತೀನಂತ ವಾಚನಾಲಯದ ಹುಡುಗರಿಗೆ ಮಾತು ಕೊಟ್ಟು, ನೆಲದ ಮಾತು ಯಾಕೆ ಎತ್ತಿದೆ ಅಂದರೆ, ಅಲ್ಲಿಯ ಹಳಬರೂ ತಮ್ಮ ನಾಡನ್ನು ಹೀಗೇ ಎರಡು ಮಾಡಿ ಹೇಳುತ್ತಿದ್ದರು. ನೈಲ್ ನದಿಯ ಮಹಾಪೂರ ಬಿಟ್ಟುಹೋದ ಮೆಕ್ಕಲು ಮಣ್ಣಿನ ನಾಡು 'ಕೆಮೆಟ್', ಅಂದರೆ ಕರಿ ನೆಲ. ಅದರ ಎರಡೂ ಮಗ್ಗುಲಿಗೆ ಹಬ್ಬಿದ ಮರುಭೂಮಿ 'ದೆಶ್ರೆಟ್', ಕೆಂಪು ನೆಲ. ಕರಿ ನೆಲ ಹೋರಸನ ಪಾಲು. ಅವನು ಗಿಡುಗದ ರೂಪದವನು, ಅರಸೊತ್ತಿಗೆಯ ದೇವರು. ಕೆಂಪು ನೆಲ ಸೇತ್‌ನ ಪಾಲು. ಬಿರುಗಾಳಿ, ಗುಡುಗು, ಗಡಿಯಾಚೆಯ ಜನ ಎಲ್ಲ ಅವನ ಕಡೆ. ಸೇತ್‌ನ ಮುಖ ಯಾವ ಪ್ರಾಣಿಯದೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ. ಬಾಗಿದ ಉದ್ದ ಮೂತಿ, ತುದಿ ಕತ್ತರಿಸಿದಂಥ ನೆಟ್ಟಗಿನ ಕಿವಿ, ಕವಲೊಡೆದ ಬಾಲ. ಅಂಥ ಪ್ರಾಣಿ ಎಲ್ಲೂ ಇಲ್ಲ.

ನಾನು ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಇತಿಹಾಸ ಹೇಳಿದವನು. "ಸೇತ್ ಅಂದ್ರ ಅವರ ರಾವಣ. ಅಣ್ಣ ಒಸಿರಿಸನನ್ನ ಕೊಂದ, ಅಣ್ಣನ ಮಗ ಹೋರಸ್ ಸೇಡು ತೀರಿಸಿಕೊಂಡ" ಅಂತ ಎರಡು ಮಾತಿನಲ್ಲಿ ಮುಗಿಸಿ ಪಿರಮಿಡ್ಡಿಗೆ ಹೋಗುತ್ತಿದ್ದೆ. ಒಂದು ವರ್ಷ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹಳೇ ಪತ್ರಿಕೆಯಿಂದ ಹರಿದ ಚಿತ್ರವೊಂದನ್ನು ತಂದು ಮೇಜಿನ ಮೇಲಿಟ್ಟಳು. ಅರಸನ ಸಿಂಹಾಸನದ ಮಗ್ಗುಲಿನ ಕೆತ್ತನೆ. ನಡುವೆ ಒಂದು ಕಂಬದಂಥದ್ದು, ಆ ಕಡೆ ಹೋರಸ್, ಈ ಕಡೆ ಸೇತ್, ಇಬ್ಬರೂ ಕಾಲು ಕೊಟ್ಟು ಹಗ್ಗ ಎಳೆಯುತ್ತಿದ್ದಾರೆ. "ಸಾರ್, ರಾವಣ ಯಾಕ ಸಾರ್ ರಾಜನ ಗಂಟು ಕಟ್ಟಾಕ ಹತ್ತ್ಯಾನ?" ಅಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ಅದು ಪರೀಕ್ಷೆಗೆ ಬರಲ್ಲ, ಕೂಡು" ಅಂದುಬಿಟ್ಟೆ. ಪೆನ್ಷನ್ ಬಂದ ಮೇಲೆ ಬಿಡುವು ಸಿಕ್ಕಿ ಹುಡುಕಿ ಓದಿದೆ. ಇಲ್ಲಿ ಬರೆಯುತ್ತಿರುವುದು ಅವಳಿಗೆ ಅವತ್ತು ಹೇಳಬೇಕಾಗಿದ್ದ ಉತ್ತರ.

ಆ ಕೆತ್ತನೆ ಒಂದನೇ ಸೆನುಸ್ರೆತ್ ಎಂಬ ಅರಸನದು, ಇವತ್ತಿಗೆ ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನದು. ಲಿಷ್ತ್ ಎಂಬಲ್ಲಿ ಸಿಕ್ಕ ಅವನ ಸುಣ್ಣಕಲ್ಲಿನ ವಿಗ್ರಹಗಳು ಈಗ ಕೈರೋದಲ್ಲಿವೆ. ನಡುವಿನ ಕಂಬ ಕಂಬವಲ್ಲ. ಶ್ವಾಸಕೋಶ ಮತ್ತು ಗಂಟಲ ನಾಳದ ಚಿತ್ರ. ಅವರ ಚಿತ್ರಲಿಪಿಯಲ್ಲಿ ಅದಕ್ಕೆ 'ಕೂಡಿಸು' ಎಂಬ ಅರ್ಥ. ಅದರ ಸುತ್ತ ಇಬ್ಬರು ದೇವರು ಬಿಗಿಯುತ್ತಿರುವುದು ಹಗ್ಗವಲ್ಲ, ಎರಡು ಗಿಡದ ದಂಟು: ಒಂದು ಉತ್ತರ ಸೀಮೆಯ ಪಪೈರಸ್, ಇನ್ನೊಂದು ದಕ್ಷಿಣ ಸೀಮೆಯ ನೈದಿಲೆಯಂಥ ಹೂಗಿಡ. ಜೋಳದ ದಂಟಿನ ಸಿವುಡು ಕಟ್ಟುವಾಗ ಹೆಂಗ ಕಾಲು ಕೊಟ್ಟು ಬಿಗೀತೀವೋ ಹಂಗ. ಎರಡೂ ಕಡೆಯಿಂದ ಎಳೆದರೆ ತಾನೇ ಗಂಟು ಬಿಗಿಯೋದು? ಒಬ್ಬ ಕೈಬಿಟ್ಟರೆ ಸಿವುಡು ಸಡಿಲ. ರಾಜ್ಯ ಅನ್ನೋದು ಆ ಗಂಟು, ಅರಸ ಅದರ ಮೇಲೆ ಕುಂತವನು.

ಇದು ಒಬ್ಬ ಶಿಲ್ಪಿಯ ಕಲ್ಪನೆಯಲ್ಲ. ಅದಕ್ಕೂ ಏಳುನೂರು ವರ್ಷ ಹಿಂದೆ, ಎರಡನೆಯ ರಾಜವಂಶದಲ್ಲಿ, ಅರಸರ ಹೆಸರಿನ ಚೌಕಟ್ಟಿನ ಮೇಲೆ ಹೋರಸನ ಗಿಡುಗ ಕೂರಿಸುವುದು ವಾಡಿಕೆಯಾಗಿತ್ತು. ಪೆರಿಬ್ಸೆನ್ ಎಂಬ ಅರಸ ಗಿಡುಗ ತೆಗೆದು ಸೇತ್‌ನ ಪ್ರಾಣಿಯನ್ನು ಕೂರಿಸಿದ. ಕೆಲ ಕಾಲಕ್ಕೆ ಖಾಸೆಖೆಮ್ ಬಂದ. ಅವನ ವಿಗ್ರಹದ ಪೀಠದ ಮೇಲೆ ಸತ್ತ ಉತ್ತರದವರ ಸಂಖ್ಯೆ 47,000ಕ್ಕೂ ಮೇಲೆ ಬರೆದಿದೆ. ಎಷ್ಟು ನಿಜವೋ, ಎಷ್ಟು ಜಂಬವೋ. ಆಮೇಲೆ ಅವನು ಮಾಡಿದ ಕೆಲಸ ನೋಡ್ರಿ. ಖಾಸೆಖೆಮ್ವಿ ಎಂದು ಹೆಸರು ಬದಲಿಸಿಕೊಂಡ. ಎರಡು ಶಕ್ತಿಗಳು ಮೈದೋರಿವೆ ಎಂದು ಅದರ ಅರ್ಥ. ಜೊತೆಗೆ ತನ್ನೊಳಗೆ ಇಬ್ಬರು ಒಡೆಯರೂ ನೆಮ್ಮದಿಯಾಗಿದ್ದಾರೆ ಎಂಬ ಬಿರುದು. ಚೌಕಟ್ಟಿನ ಮೇಲೆ ಗಿಡುಗ ಮತ್ತು ಸೇತ್‌ಪ್ರಾಣಿ ಎರಡನ್ನೂ ಎದುರುಬದುರು ಕೂರಿಸಿದ. ಗೆದ್ದವನು ಸೋತವರ ದೇವರನ್ನು ಹೊರಗೆ ಹಾಕಲಿಲ್ಲ. ಮುಂದೆ ಪಿರಮಿಡ್ಡುಗಳ ಕಾಲದಲ್ಲಿ ರಾಣಿಗೆ 'ಹೋರಸ್ ಮತ್ತು ಸೇತರನ್ನು ಕಾಣುವವಳು' ಎಂದು ಬಿರುದಿತ್ತು. ಇಬ್ಬರನ್ನೂ ಗಂಡನ ಒಬ್ಬನ ಮುಖದಲ್ಲೇ ಕಾಣಬೇಕು. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಬ್ಬರ ಜಗಳದ ಕಥೆ ಪೂರ್ತಿಯಾಗಿ ಸಿಗುವುದು ಐದನೆಯ ರಾಮೆಸಸ್‌ನ ಕಾಲದ ಪಪೈರಸ್ ಸುರುಳಿಯೊಂದರಲ್ಲಿ, ಕ್ರಿ.ಪೂ. 1150ರ ಸುಮಾರಿನದು. ಒಸಿರಿಸನ ಗಾದಿ ಮಗನಿಗೋ ತಮ್ಮನಿಗೋ ಎಂಬ ಪಂಚಾಯ್ತಿ. ದೇವರುಗಳ ಕೋರ್ಟಿನಲ್ಲಿ ಕೇಸು 80 ವರ್ಷ ನಡೆಯುತ್ತದೆ! ಬದುವಿನ ಕೇಸಿಗೆ ಆದೋನಿಗೆ ಅಡ್ಡಾಡಿ ಚಪ್ಪಲಿ ಸವೆಸಿದವರು ಇದನ್ನು ನಂಬುತ್ತಾರೆ. ಸೂರ್ಯದೇವ ರೇ ದೊಡ್ಡ ನ್ಯಾಯಾಧೀಶ; ಹುಡುಗ ಹೋರಸ್ ಅವನಿಗೆ ಹಿಡಿಸುವುದಿಲ್ಲ, ಗಟ್ಟಿಮುಟ್ಟಾದ ಸೇತ್ ಬೇಕು. ತಾಯಿ ಇಸಿಸ್ ಕೋರ್ಟಿಗೆ ಬರಬಾರದೆಂದು ನಡುಗಡ್ಡೆಯಲ್ಲಿ ಕಲೆಯುತ್ತಾರೆ, ಅವಳನ್ನು ದಾಟಿಸಬೇಡವೆಂದು ಅಂಬಿಗನಿಗೆ ತಾಕೀತು ಮಾಡುತ್ತಾರೆ. ಅವಳು ಅಂಬಿಗನಿಗೆ ಬಂಗಾರದ ಉಂಗುರ ಕೊಟ್ಟು ದಾಟುತ್ತಾಳೆ, ಚೆಲುವೆಯ ವೇಷ ಹಾಕುತ್ತಾಳೆ. ಮರುಳಾಗಿ ಬಂದ ಸೇತ್‌ನ ಮುಂದೆ ಅಳುತ್ತಾಳೆ: ಗಂಡ ದನ ಕಾಯುತ್ತಿದ್ದ, ಸತ್ತ, ಯಾವನೋ ಬಂದು ಮಗನನ್ನು ಹೊರಗೆ ಹಾಕಿ ದನ ನನ್ನವು ಅಂತಾನೆ. "ಮಗ ಇರುವಾಗ ಬೇರೆಯವನಿಗೆ ಹೆಂಗ ಕೊಡ್ತಾರ?" ಎಂದು ಸೇತ್ ಸಿಟ್ಟಾಗುತ್ತಾನೆ. ಇಸಿಸ್ ಹಕ್ಕಿಯಾಗಿ ಮರ ಏರಿ, ನಿನ್ನ ತೀರ್ಪು ನಿನ್ನ ಬಾಯಿಂದಲೇ ಬಂತಲ್ಲ ಅಂತಾಳೆ. ಪಾಪ, ಸೇತ್ ಅಳುತ್ತಾ ಹೋಗಿ ರೇಯ ಹತ್ತಿರ ದೂರು ಹೇಳುತ್ತಾನೆ.

ಕೊನೆಗೆ ಗಾದಿ ಹೋರಸನಿಗೆ. ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಹಳೇ ಪಾಠವೇ ಸರಿ ಅನ್ನಬಹುದಿತ್ತು. ಆದರೆ ತಾಹ್ ಎಂಬ ದೇವರು ಎದ್ದು, ಹಂಗಾದರೆ ಸೇತ್‌ಗೆ ಏನು ಕೊಡ್ತೀರಿ ಎಂದು ಕೇಳುತ್ತಾನೆ. ಸೋತವನ ಪಾಲು ಕೇಳದೆ ಪಂಚಾಯ್ತಿ ಏಳುವಂತಿಲ್ಲ. ರೇ ಅವನನ್ನು ತನ್ನ ಹತ್ತಿರ ಮಗನಂತೆ ಇಟ್ಟುಕೊಳ್ಳುತ್ತಾನೆ. ಅವನು ಆಕಾಶದಲ್ಲಿ ಗುಡುಗಲಿ, ಜನ ಅಂಜಲಿ ಅನ್ನುತ್ತಾನೆ. ಅದಕ್ಕೂ ಕಾರಣ ಉಂಟು. ಸೂರ್ಯನ ದೋಣಿ ರಾತ್ರಿ ಪಾತಾಳದಲ್ಲಿ ಹೋಗುವಾಗ ಅಪೆಪ್ ಎಂಬ ಹೆಬ್ಬಾವು ಅಡ್ಡ ಬರುತ್ತದೆ. ಅದನ್ನು ದೋಣಿಯ ಮುಂದೆ ನಿಂತು ಈಟಿಯಿಂದ ತಿವಿಯುವವನು ಸೇತ್. ಬೆಳಗಾಗಬೇಕಾದರೆ ಆ ಮುಂಗೋಪಿ ಬೇಕು. ಇವೆಲ್ಲ ಸರಿತೂಗಿ ನಿಲ್ಲುವ ಸ್ಥಿತಿಗೆ ಅವರು 'ಮಾಅತ್' ಅನ್ನುತ್ತಿದ್ದರು. ತಲೆಯ ಮೇಲೆ ಒಂದು ಗರಿ ಮುಡಿದ ದೇವಿ ಅವಳು.

ಒಂದನೇ ಸೇತಿ ಎಂಬ ಅರಸನ ಹೆಸರಿಗೇ 'ಸೇತ್‌ನವನು' ಎಂದರ್ಥ. ಅವನು ಅಬಿದೋಸ್‌ನಲ್ಲಿ ಒಸಿರಿಸನಿಗೆ ದೊಡ್ಡ ಗುಡಿ ಕಟ್ಟಿಸಿದ, ಅಂದರೆ ಸೇತ್ ಕೊಂದ ದೇವರಿಗೆ. ಗೋಡೆಯ ಮೇಲೆ ತನ್ನ ಹೆಸರು ಬರೆಸುವಾಗ ಸೇತ್‌ನ ಚಿತ್ರ ಬಿಟ್ಟು ಒಸಿರಿಸನ ಚಿತ್ರ ಬಳಸಿದ. ಇಬ್ಬರಿಗೂ ನೋವಾಗದ ಹಾಗೆ. ಅವನ ಮಗ ಎರಡನೇ ರಾಮೆಸಸ್ ಕ್ರಿ.ಪೂ. 1274ರಲ್ಲಿ ಕಾದೇಶಿಗೆ ಒಯ್ದ ನಾಲ್ಕು ದಂಡಿನಲ್ಲಿ ಒಂದರ ಹೆಸರು ಸೇತ್‌ನದು. ಮುಂದೆ ಹಿಟ್ಟೈಟರ ಜೊತೆ ಒಪ್ಪಂದವಾದಾಗ, ಈಜಿಪ್ಟಿನವರು ತಮ್ಮ ಪ್ರತಿಯಲ್ಲಿ ಆ ಕಡೆಯ ಗುಡುಗಿನ ದೇವರನ್ನೂ ಸೇತ್ ಎಂದೇ ಬರೆದುಕೊಂಡರು. ಪರದೇಶದವರ ಜೊತೆ ಮಾತಿಗೆ ಕೂಡಲು ಅವನೇ ಹಾದಿ.

ಕೆಟ್ಟದ್ದು ಆಮೇಲೆ. ಕ್ರಿ.ಪೂ. 671ರಲ್ಲಿ ಅಸ್ಸೀರಿಯದವರು ಮೆಂಫಿಸ್ ಹಿಡಿದರು, 525ರಲ್ಲಿ ಪರ್ಷಿಯದವರು ಬಂದರು. ಪರದೇಶದವರನ್ನು ಕಂಡರಾಗದ ಕಾಲ ಬಂತು, ಪರದೇಶದವರ ದೇವರೆನಿಸಿದ್ದವನು ಆ ಸಿಟ್ಟಿಗೆ ಸಿಕ್ಕ. ಗೋಡೆಗಳ ಮೇಲೆ ಅವನ ಚಿತ್ರ ಕೆತ್ತಿ ಹಾಕಿದರು. ಕೋಪನ್‌ಹೇಗನ್ನಿನಲ್ಲಿರುವ ಅವನ ಕಂಚಿನ ವಿಗ್ರಹವೊಂದಕ್ಕೆ ಆ ಉದ್ದ ಕಿವಿ ತೆಗೆದು ಟಗರಿನ ಕೊಂಬು ಇಟ್ಟು ಬೇರೆ ದೇವರು ಮಾಡಿದ್ದಾರೆ. ಎಡ್ಫು ಎಂಬಲ್ಲಿ ಕ್ರಿ.ಪೂ. 237ರಲ್ಲಿ ಸುರುವಾದ ಹೋರಸನ ಗುಡಿಯ ಗೋಡೆಯಲ್ಲಿ ಸೇತ್ ಒಂದು ನೀರ್ಗುದುರೆ, ಅದೂ ಮೊಣಕಾಲೆತ್ತರಕ್ಕಿಂತ ಚಿಕ್ಕದು. ದೊಡ್ಡದಾಗಿ ಕೆತ್ತಲಿಕ್ಕೂ ಅಂಜಿಕೆ. ಹಬ್ಬದಲ್ಲಿ ನೀರ್ಗುದುರೆಯ ಆಕಾರದ ಹಿಟ್ಟಿನ ಭಕ್ಷ್ಯ ಮಾಡಿ ಕತ್ತರಿಸುತ್ತಿದ್ದರು. ನಾನು ಕ್ಲಾಸಿನಲ್ಲಿ ಹೇಳುತ್ತಿದ್ದದ್ದು ಈ ಕೊನೆಯ ಕಾಲದ ಕಥೆ ಮಾತ್ರ. ಅದಕ್ಕೆ ಹಿಂದಿನ ಎರಡು ಸಾವಿರ ವರ್ಷ ನನ್ನ ಪಾಠದಲ್ಲಿ ಇರಲಿಲ್ಲ.

ಇಷ್ಟಾದರೂ ಅವನು ಪೂರ್ತಿ ಹೋಗಲಿಲ್ಲ. ನೈಲ್ ಬಿಟ್ಟು ಪಡುವಣಕ್ಕೆ ಮರಳುಗಾಡಿನೊಳಗೆ ಖರ್ಗಾ, ದಖ್ಲಾ ಎಂಬ ಎರಡು ಓಯಸಿಸ್‌ಗಳಿವೆ. ನಾಡಿನ ಅಂಚು, ಆಚೆ ಬರೀ ಕೆಂಪು ನೆಲ. ಒಳನಾಡಿನಲ್ಲಿ ಸೇತ್‌ನ ಹೆಸರೆತ್ತದ ಕಾಲದಲ್ಲೂ ಇಲ್ಲಿಯವರು ಅವನನ್ನು ಬಿಡಲಿಲ್ಲ. ದಖ್ಲಾದ ಮುತ್ ಎಂಬಲ್ಲಿ ಅವನ ಗುಡಿ ರೋಮನ್ನರ ಕಾಲದವರೆಗೂ ನಡೆಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹರಿದು ಆದೋನಿ, ಆಲೂರು, ರಾಯದುರ್ಗ ಈ ಕಡೆ ಉಳಿದಾಗಿನಿಂದ ಎರಡೂ ಕಡೆಯವರಿಗೆ 'ಆ ಕಡೆಯವರು' ಆಗಿರುವ ನಮಗೆ, ಈ ಅಂಚಿನ ಜನದ ಹಟ ತುಸು ಬೇಗ ಅರ್ಥವಾಗುತ್ತದೆ.

ಖರ್ಗಾದ ಹಿಬಿಸ್ ಗುಡಿಯಲ್ಲಿ ಒಂದು ಕೆತ್ತನೆ ಇದೆ, ಪರ್ಷಿಯದ ದಾರಿಯಸ್‌ನ ಕಾಲದ್ದು. ಸೇತ್ ನಿಂತು ಹಾವನ್ನು ಈಟಿಯಿಂದ ತಿವಿಯುತ್ತಿದ್ದಾನೆ. ಅವನಿಗೆ ರೆಕ್ಕೆಗಳಿವೆ. ತಲೆ ಆ ಗೊತ್ತಿಲ್ಲದ ಪ್ರಾಣಿಯದಲ್ಲ, ಗಿಡುಗದ್ದು. ಹೋರಸನ ತಲೆ! ಆ ಚಿತ್ರ ಪುಸ್ತಕದಲ್ಲಿ ಕಂಡ ದಿನ ನಾನು ಬಹಳ ಹೊತ್ತು ಹಾಳೆ ತಿರುವಲಿಲ್ಲ.

ಆ ಹುಡುಗಿ ಮದುವೆಯಾಗಿ ಆಲೂರು ಕಡೆ ಇದ್ದಾಳಂತೆ, ಮಗ ಹೈಸ್ಕೂಲಿಗೆ ಹೋಗುತ್ತಾನಂತೆ. ಪುಸ್ತಕ ಅಚ್ಚಾಗಿ ಬಂದ ಮೇಲೆ ಒಂದು ಪ್ರತಿ ಅವಳಿಗೆ ಮುಟ್ಟಿಸಲು ಹುಡುಗರಿಗೆ ಹೇಳಿದ್ದೇನೆ.