ಹೊತ್ತಿಗೆ ಸರಿಯಾಗಿ ತಾನೇ ದುಡಿಯುವ ಯಂತ್ರ: ಒಂದು ಕಿರು ಇತಿಹಾಸ



ಮೈಸೂರಿನ ದೊಡ್ಡ ಗಡಿಯಾರವನ್ನು ತಾವೆಲ್ಲರೂ ನೋಡಿದ್ದೀರಿ. ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತ ವಹಿಸಿಕೊಂಡು 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರವದು. ಅದರ ಮುಖದಲ್ಲಿ ಕನ್ನಡದ ಅಂಕಿಗಳಿವೆ. ಗಡಿಯಾರ ಹೊತ್ತು ತಿಳಿಸುತ್ತದೆ, ಆ ಹೊತ್ತಿನ ಕೆಲಸ ಮಾಡುವವರು ನಾವು. ಕೆಲಸವನ್ನೂ ಯಂತ್ರವೇ ಮಾಡಿದರೆ ಹೇಗೆ? ಈ ಯೋಚನೆ ಕಂಪ್ಯೂಟರ್‌ಗಿಂತ ಬಹಳ ಹಳೆಯದು.

ಇಂದಿನ ಟರ್ಕಿಯ ದಿಯಾರ್‌ಬಕೀರ್ ಪ್ರದೇಶದಲ್ಲಿ ಅರ್ತುಕಿ ಅರಸರ ಆಶ್ರಯದಲ್ಲಿದ್ದ ಅಲ್ ಜಝರಿ ಎಂಬ ಯಂತ್ರಶಿಲ್ಪಿ 1206ರಲ್ಲಿ ಅರಬ್ಬೀ ಭಾಷೆಯಲ್ಲಿ ಒಂದು ಗ್ರಂಥ ಬರೆದರು. ಅದರಲ್ಲಿ ಕೋಟೆಯಾಕಾರದ ಒಂದು ಜಲಗಡಿಯಾರದ ವರ್ಣನೆಯಿದೆ. ತೊಟ್ಟಿಯ ನೀರು ಇಳಿದಂತೆ ತೇಲುವ ಬುರುಡೆಯೂ ಇಳಿದು ಹಗ್ಗ ಎಳೆಯುತ್ತಿತ್ತು. ತಾಸಿಗೊಮ್ಮೆ ಬಾಗಿಲು ತೆರೆದು ಬೊಂಬೆ ಕಾಣಿಸುತ್ತಿತ್ತು, ಲೋಹದ ಗಿಡುಗಗಳು ಗುಂಡು ಉದುರಿಸಿ ತಾಳ ಬಾರಿಸುತ್ತಿದ್ದವು. ಆರನೆಯ, ಒಂಬತ್ತನೆಯ, ಹನ್ನೆರಡನೆಯ ತಾಸಿಗೆ ವಾದ್ಯದ ಬೊಂಬೆಗಳು ನುಡಿಸುತ್ತಿದ್ದವು. ಆಗ ಹಗಲನ್ನು ಹನ್ನೆರಡು ಪಾಲು ಮಾಡುತ್ತಿದ್ದುದರಿಂದ ಬೇಸಿಗೆಯ ತಾಸು ದೊಡ್ಡದು, ಚಳಿಗಾಲದ್ದು ಚಿಕ್ಕದು. ಅದಕ್ಕೆ ತಕ್ಕಂತೆ ನೀರಿನ ಹರಿವನ್ನು ಹೊಂದಿಸುವ ಏರ್ಪಾಡೂ ಅದರಲ್ಲಿತ್ತು.

ಇನ್ನು ನಮ್ಮ ಕಾಲಕ್ಕೆ ಬರೋಣ. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ವ್ಯವಸ್ಥೆಗಾಗಿ 'ಕ್ರಾನ್' ಎಂಬ ಪ್ರೋಗ್ರಾಂ ತಯಾರಾಯಿತು. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂದು ಐದು ಅಂಕಣ ತುಂಬಿ, ಮುಂದೆ ಮಾಡಬೇಕಾದ ಕೆಲಸ ಬರೆದರಾಯಿತು. ಅದು ನಿಮಿಷಕ್ಕೊಮ್ಮೆ ಎದ್ದು ಪಟ್ಟಿ ನೋಡುತ್ತಿತ್ತು. ಮುಂದೆ ವಿಂಡೋಸ್ 98ರಲ್ಲಿ 'ಟಾಸ್ಕ್ ಷೆಡ್ಯೂಲರ್' ಬಂದು, ಇದೇ ಸೌಲಭ್ಯ ಮನೆ, ಶಾಲೆಗಳ ಕಂಪ್ಯೂಟರ್‌ಗೂ ದೊರೆಯಿತು.

ಇದರಿಂದ ನಮಗೇನು ಪ್ರಯೋಜನ ಎಂದು ಕೇಳುವಿರಾ? ಶಾಲೆಯ ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿಗಳ ವಿವರ ಒಂದೇ ಕಂಪ್ಯೂಟರಿನಲ್ಲಿದ್ದು ಅದು ಕೆಟ್ಟರೆ, ನಷ್ಟ ಮಕ್ಕಳಿಗೇ. ಪ್ರತಿ ಶನಿವಾರ ಇವುಗಳ ನಕಲು ಬೇರೊಂದು ಡಿಸ್ಕಿಗೆ ಹೋಗುವಂತೆ ಟಾಸ್ಕ್ ಷೆಡ್ಯೂಲರ್‌ಗೆ ಹೇಳಿಡಬಹುದು. ಆದರೆ ರಾತ್ರಿ ಹತ್ತಕ್ಕೆ ಸಮಯ ಕೊಟ್ಟು, ಮಧ್ಯಾಹ್ನವೇ ಕಂಪ್ಯೂಟರ್ ಆರಿಸಿ ಮನೆಗೆ ಹೋದರೆ ನಕಲು ಆಗುವುದಿಲ್ಲ. ಕರೆಂಟು ಹೋದರೂ ಅದೇ ಗತಿ. ತಪ್ಪಿದ ಕೆಲಸವನ್ನು ಕಂಪ್ಯೂಟರ್ ಮತ್ತೆ ಚಾಲೂ ಆದೊಡನೆ ಮಾಡುವಂತೆ ಈಗಿನ ವಿಂಡೋಸ್‌ನಲ್ಲಿ ಒಂದು ಆಯ್ಕೆಯಿದೆ, ಅದಕ್ಕೆ ಗುರುತು ಹಾಕಿಡಬೇಕು. ಲಿನಕ್ಸ್‌ನಲ್ಲಿ ಇದಕ್ಕೆಂದೇ 'ಅನಾಕ್ರಾನ್' ಇದೆ.

ಜಝರಿಯ ಗಡಿಯಾರಕ್ಕೂ ತೊಟ್ಟಿಯಲ್ಲಿ ನೀರು ಬೇಕಿತ್ತು. ನೀರು ಮುಗಿದರೆ ಗಿಡುಗವೂ ಇಲ್ಲ, ವಾದ್ಯವೂ ಇಲ್ಲ. ಆದರೆ ಅದು ನಿಂತರೆ ನೋಡುವವರಿಗೆ ಕೂಡಲೇ ತಿಳಿಯುತ್ತಿತ್ತು. ಕಂಪ್ಯೂಟರಿನೊಳಗೆ ತಪ್ಪಿಹೋದ ಕೆಲಸ ಸದ್ದು ಮಾಡುವುದಿಲ್ಲ, ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಇರಬಹುದು.

ಆದುದರಿಂದ ವಿದ್ಯಾರ್ಥಿಗಳೇ, ಯಂತ್ರಕ್ಕೆ ಕೆಲಸ ಒಪ್ಪಿಸಲು ಕಲಿಯಿರಿ, ಜೊತೆಗೆ ಲೆಕ್ಕ ಕೇಳಲೂ ಕಲಿಯಿರಿ. ಸೋಮವಾರ ಬೆಳಿಗ್ಗೆ ಆ ಡಿಸ್ಕ್ ತೆರೆದು, ನಕಲಿನ ಮೇಲಿರುವ ತಾರೀಖು ನೋಡಿ, ಒಂದೆರಡು ಕಡತ ತೆರೆದು ಪರೀಕ್ಷಿಸಿ. ಇದು ಐದು ನಿಮಿಷದ ಕೆಲಸ, ಆದರೆ ಅದನ್ನು ತಾವೇ ಮಾಡಬೇಕು.