ಗ್ಲಾಸ್ಗೋ ನಗರದ ನಗುವ ಹಾಡುಗಳು

ಸಂಗೀತದಲ್ಲಿ ಕರುಣವು ಬೆರೆತಿದ್ದರೆ ಅದು ಗುರುವೆಂದೂ, ಹರ್ಷವೊಂದೇ ಪ್ರಧಾನವಾಗಿದ್ದರೆ ಅದು ಲಘುವೆಂದೂ ಎಣಿಸುವ ವಾಡಿಕೆಯು ನಮ್ಮಲ್ಲಿಯೂ ಉಂಟು, ಪಾಶ್ಚಾತ್ಯರಲ್ಲಿಯೂ ಉಂಟು. ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನೋದಿದ ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆನು. ಈ ಎಣಿಕೆಯು ಎಷ್ಟು ದುರ್ಬಲವಾದುದೆಂಬುದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಒಂದು ಸಣ್ಣ ಇತಿಹಾಸವು ಸಾಕ್ಷಿಯಾಗಿದೆ.

ದೊಡ್ಡ ಕಂಪೆನಿಗಳ ಆಶ್ರಯವನ್ನು ಬೇಡದೆ ತಮ್ಮ ಹಾಡಿನ ತಟ್ಟೆಗಳನ್ನು ತಾವೇ ಮಾಡಿಸಿ ಮಾರುವವರನ್ನು, ಸ್ವತಂತ್ರರೆಂಬ ಅರ್ಥದಲ್ಲಿ, ಆಂಗ್ಲರು 'ಇಂಡಿ' ಎಂದು ಕರೆಯುವರು. 1977ರ ಸುಮಾರಿಗೆ ಬ್ರಿಟನ್ನಿನಲ್ಲಿ ಈ ಪದ್ಧತಿಯು ಬಲಿಯಿತು. ಆದರೆ ಆ ಕಾಲದ ತರುಣರ ಪಂಕ್ ಸಂಗೀತವು ರೌದ್ರಪ್ರಧಾನವಾದುದು. ಕ್ರೋಧಕ್ಕೆ ಕಾರಣವೂ ಇಲ್ಲದಿರಲಿಲ್ಲ. ಗ್ಲಾಸ್ಗೋವಿನ ಕ್ಲೈಡ್ ನದೀತೀರದಲ್ಲಿ ಹಡಗು ಕಟ್ಟುವ ಉದ್ಯಮವು ಕ್ಷೀಣಿಸಿ, 1971ರಲ್ಲಿ ಅಲ್ಲಿಯ ದೊಡ್ಡ ಕಂಪೆನಿಯೇ ಕುಸಿದಿದ್ದಿತು. 1982ರ ಆರಂಭಕ್ಕೆ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆಯು 30 ಲಕ್ಷವನ್ನು ಮುಟ್ಟಿತು.

ಹೀಗಿರಲಾಗಿ 1979ರಲ್ಲಿ ಅಲನ್ ಹಾರ್ನ್ ಎಂಬ ತರುಣನು 'ಪೋಸ್ಟ್‌ಕಾರ್ಡ್' ಎಂಬ ಸಂಸ್ಥೆಯನ್ನು ಹೂಡಿದನು. ಕಚೇರಿಯೆಂದರೆ ವೆಸ್ಟ್ ಪ್ರಿನ್ಸಸ್ ಬೀದಿಯಲ್ಲಿದ್ದ ಅವನ ವಾಸದ ಕೊಠಡಿಗಳು. ಲಾಂಛನವೆಂದರೆ ಡೋಲು ಬಾರಿಸುವ ಬೆಕ್ಕು! ಅಮೆರಿಕದ ಮೋಟೌನ್ ಕಂಪೆನಿಯು ತನ್ನ ಹಾಡುಗಳನ್ನು ತರುಣ ಅಮೆರಿಕದ ಧ್ವನಿಯೆಂದು ಸಾರಿದ್ದಿತಷ್ಟೆ. ಇವರು ಅದನ್ನೇ ಅಣಕಿಸಿ, ತಮ್ಮದು ತರುಣ ಸ್ಕಾಟ್ಲೆಂಡಿನ ಧ್ವನಿಯೆಂದರು.

ಈ ಸಂಸ್ಥೆಯ ಪ್ರಥಮ ತಟ್ಟೆಯು 1980ರಲ್ಲಿ ಹೊರಟಿತು. ಹಾಡಿದವರು 'ಆರೆಂಜ್ ಜ್ಯೂಸ್' ಎಂಬ ಮೇಳದವರು, ಎಂದರೆ ಕಿತ್ತಿಳೆಯ ರಸ. ಎಡ್ವಿನ್ ಕಾಲಿನ್ಸ್ ಅವರ ಮುಖ್ಯ ಗಾಯಕನು. ಹಾಡಿನ ಹೆಸರು 'ಫಾಲಿಂಗ್ ಅಂಡ್ ಲಾಫಿಂಗ್', ಬೀಳುವುದು ಮತ್ತು ನಗುವುದು. ಪ್ರೇಮದಲ್ಲಿ ಬಿದ್ದು ಪೆಟ್ಟು ತಿಂದ ಹುಡುಗನು ತನ್ನನ್ನು ನೋಡಿ ತಾನೇ ನಗಲು ಕಲಿಯುವನು. ಶೃಂಗಾರದಿಂದಲೇ ಹಾಸ್ಯವು ಹುಟ್ಟುವುದೆಂದು ಭರತಮುನಿಯು ಹೇಳಿದುದನ್ನು ನಾನು ಕಂಠಪಾಠ ಮಾಡಿದ್ದೆನೇ ಹೊರತು, ಕಿವಿಯಾರೆ ಕೇಳಿದುದು ಇಲ್ಲಿಯೇ. ಗಿಟಾರುಗಳು ಗುಡುಗುವುದಿಲ್ಲ, ತೆಳುವಾಗಿ, ಚುರುಕಾಗಿ ಮಿನುಗುತ್ತವೆ. ಗಾಯಕನ ಕಂಠವು ಅಲ್ಲಲ್ಲಿ ನಡುಗುವುದು, ಅದನ್ನವನು ಮುಚ್ಚಿಡುವುದಿಲ್ಲ. ಆ ಉತ್ತರ ದೇಶದಲ್ಲಿ ಚಳಿಗಾಲದ ಹಗಲು ಏಳು ಗಂಟೆಯಷ್ಟು ಮಾತ್ರ. ಬೇಸಗೆಯ ನಡುವಿನಲ್ಲಾದರೋ ರಾತ್ರಿ ಹತ್ತರವರೆಗೂ ಸೂರ್ಯನುಂಟು. ಬಿಸಿಲನ್ನು ಬೈಯುವ ನಮಗೆ ಆ ಬಿಸಿಲಿನ ಬೆಲೆಯು ಸುಲಭವಾಗಿ ತಿಳಿಯದು.

ಈಸ್ಟ್ ಕಿಲ್‌ಬ್ರೈಡಿನ ಹುಡುಗ ರಾಡಿ ಫ್ರೇಮನ 'ಆಜ್‌ಟೆಕ್ ಕ್ಯಾಮೆರಾ', ಆಸ್ಟ್ರೇಲಿಯದ 'ಗೋ-ಬಿಟ್ವೀನ್ಸ್' ಮೊದಲಾದವರೂ ಪೋಸ್ಟ್‌ಕಾರ್ಡಿನಲ್ಲಿ ಹಾಡಿದರು. 1981ರಲ್ಲಿಯೇ ಅಂಗಡಿಯು ಮುಚ್ಚಿತು. 1983ರಲ್ಲಿ, ದೊಡ್ಡ ಕಂಪೆನಿಯೊಂದನ್ನು ಸೇರಿದ್ದ ಕಾಲಿನ್ಸನ ಮೇಳದ 'ರಿಪ್ ಇಟ್ ಅಪ್' ಎಂಬ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 8ನೆಯ ಸ್ಥಾನಕ್ಕೇರಿತು. ಎರಡು ವರ್ಷಗಳಲ್ಲಿ ಮೇಳವೂ ಚದರಿತು. ಬೀಜವು ಮಾತ್ರ ಉಳಿದು, ಅದೇ ಜಾತಿಯ ಹಾಡುಗಳು ಇಂದಿಗೂ ಹುಟ್ಟುತ್ತಿವೆ.

ಕಾಲಿನ್ಸನ ನಗುವಿಗೆ ನಿಜವಾದ ಪರೀಕ್ಷೆಯು ಒದಗಿದುದು 2005ರಲ್ಲಿ. ಮಿದುಳಿನ ರಕ್ತಸ್ರಾವದಿಂದ ಅವನ ಬಲಗೈ ನಿಶ್ಚೇಷ್ಟಿತವಾಯಿತು, ಮಾತು ಹೋಯಿತು. ಮೊದಲು ಅವನ ಬಾಯಲ್ಲಿ ಉಳಿದುವು ನಾಲ್ಕೇ ನುಡಿಗಳು: ಹೌದು, ಇಲ್ಲ, ಪತ್ನಿಯಾದ ಗ್ರೇಸ್ ಮ್ಯಾಕ್ಸ್‌ವೆಲ್ ಅವರ ಹೆಸರು, ಮತ್ತು ಸಾಧ್ಯತೆಗಳಿಗೆ ಕೊನೆಯಿಲ್ಲವೆಂಬ ಒಂದು ವಾಕ್ಯ. ಆಕೆಯು 2009ರಲ್ಲಿ ಬರೆದ ಪುಸ್ತಕಕ್ಕೆ ಆ ಪ್ರಥಮ ಹಾಡಿನ ಹೆಸರನ್ನೇ ಇಟ್ಟರು. 2010ರಲ್ಲಿ ಅವನ ಹೊಸ ಹಾಡುಗಳ ಸಂಪುಟವೇ ಹೊರಟಿತು. ರಾಡಿ ಫ್ರೇಮನೂ ಅದರಲ್ಲಿ ಜೊತೆಗೂಡಿದನು. ಬಲಗೈಯಿಂದ ಗಿಟಾರನ್ನು ಮೀಟುವುದು ಅವನಿಗೆ ಸಾಧ್ಯವಾಗಲಿಲ್ಲ. ಅವನು ಎಡಗೈಯಿಂದ ಸ್ವರಗಳನ್ನು ಒತ್ತಿ ಹಿಡಿದನು. ಗ್ರೇಸ್ ಪಕ್ಕದಲ್ಲಿ ಕುಳಿತು ತಂತಿಗಳನ್ನು ಮೀಟಿದರು.